ಕೊನೆಯ ಸೈಕಲ್ಲಿನವನು

ನನಗೆ ದಾರಿ ನೆನಪಿರುವುದಿಲ್ಲ. ಹೇಳಿಕೊಳ್ಳಲು ನಾಚಿಕೆ, ಏಕೆಂದರೆ ನನ್ನ ಉದ್ಯೋಗವೇ ಜಮೀನು ಅಳೆಯುವುದು. ಇಪ್ಪತ್ತೆಂಟು ವರ್ಷಗಳಿಂದ ಚಿಕ್ಕಬಳ್ಳಾಪುರದ ಸುತ್ತಮುತ್ತ ಜಗಳವಾಡುವ ಅಣ್ಣತಮ್ಮಂದಿರ ನಡುವೆ ನಿಂತು, ‘ಇಲ್ಲಿಂದ ಇತ್ತ ನಿನ್ನದು, ಅತ್ತ ಅವನದು’ ಎಂದು ಕಲ್ಲು ನೆಡಿಸುತ್ತ ಬಂದಿದ್ದೇನೆ. ಕೆಲಸ ಮುಗಿದ ಮೇಲೆ, ಜೀಪು ನಿಲ್ಲಿಸಿದ್ದೆಲ್ಲಿ ಎಂದು ಆ ಅಣ್ಣತಮ್ಮಂದಿರನ್ನೇ ಕೇಳುತ್ತೇನೆ. ಹಾದಿ ತೋರಿಸುವ ವಿಷಯದಲ್ಲಿ ಮಾತ್ರ ಅವರಿಬ್ಬರಿಗೂ ಒಮ್ಮತವಿರುತ್ತದೆ.

ಇಂಥವನಿಗೆ ನಮ್ಮೂರ ಸೈಕಲ್ ಬಳಗದವರು ಒಂದು ಜವಾಬ್ದಾರಿ ಕೊಟ್ಟರು. ರಕ್ತದಲ್ಲಿ ಸಕ್ಕರೆ ಜಾಸ್ತಿಯಾಯಿತೆಂದು ಡಾಕ್ಟರು ಹೆದರಿಸಿದ್ದರಿಂದ ದಪ್ಪ ಟಯರಿನ, ಇಪ್ಪತ್ತೊಂದು ಗೇರಿನ ಸೈಕಲ್ ಕೊಂಡು ನಾನು ಆ ಬಳಗ ಸೇರಿದ್ದೆ. ಇಪ್ಪತ್ತೊಂದರಲ್ಲಿ ನನಗೆ ಪರಿಚಯವಿದ್ದದ್ದು ಎರಡೇ ಗೇರು: ಕಷ್ಟದ್ದು, ಇನ್ನೂ ಕಷ್ಟದ್ದು. ಪ್ರತಿ ಶನಿವಾರ ಸಂಜೆ ಹನ್ನೊಂದು ಜನ ಬೆಟ್ಟದ ಬುಡದ ಮಣ್ಣುಹಾದಿಗಳಲ್ಲಿ ಹೊರಟರೆ ಹನ್ನೊಂದನೆಯವನು ನಾನೇ. ಬಳಗದ ಮುಖಂಡ ಮಂಜುನಾಥ ಹೈಸ್ಕೂಲಿನ ವ್ಯಾಯಾಮದ ಮೇಷ್ಟ್ರು, ನೋಯಿಸುವವನಲ್ಲ. ಒಂದು ದಿನ ನನ್ನ ಹೆಗಲ ಮೇಲೆ ಕೈಯಿಟ್ಟು, “ಸಾರ್, ಕೊನೇಲಿ ಬರೋರಿಗೆ ಸ್ವೀಪ್ ಅಂತಾರೆ. ನಿಮ್ಮ ಹಿಂದೆ ಯಾರೂ ಉಳೀಬಾರ್ದು. ಎಲ್ಲರಿಗಿಂತ ದೊಡ್ಡ ಜವಾಬ್ದಾರಿ ಅದೇ” ಎಂದ. ಸೋಮಾರಿತನಕ್ಕೆ ಇಷ್ಟು ಘನವಾದ ಪದವಿ ಸಿಕ್ಕಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಆದರೆ ಕೊನೆಯವನ ಹಿಂದೆ ಯಾರೂ ಇಲ್ಲವೆಂದು ಕೊನೆಯವನಿಗೆ ಗೊತ್ತಾಗುವುದು ಹೇಗೆ ಎಂಬುದು ಮಾತ್ರ ನನಗೆ ಅರ್ಥವಾಗಲಿಲ್ಲ. ಕೇಳಲು ಸಂಕೋಚವಾಯಿತು.

ಆ ಶನಿವಾರ ನನ್ನ ಮುಂದೆ ಹೋಗುತ್ತಿದ್ದವರು ಸರೋಜಮ್ಮನವರು. ನಿವೃತ್ತ ನರ್ಸು, ಅರವತ್ತು ದಾಟಿದವರು. ಕೆಂಪು ಹೆಲ್ಮೆಟ್ಟಿನ ಕೆಳಗೆ ಪುಟ್ಟ ಜುಟ್ಟು ಕುಣಿಯುತ್ತಿತ್ತು. ಚೂಡಿದಾರಕ್ಕೆ ಜೇಬಿಲ್ಲವೆಂದು ತಮ್ಮ ಫೋನನ್ನು ನನ್ನ ಬೆನ್ನಚೀಲದಲ್ಲಿ ಹಾಕಿದ್ದರು. ಆಕೆಯ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳದವರು ಈ ಸೀಮೆಯಲ್ಲಿ ಕಡಿಮೆ. ಮುದ್ದೇನಹಳ್ಳಿಯ ಕಡೆ ಹೋಗುವಾಗ ಹಾದಿ ಬದಿಯ ಒಂದು ಮನೆಯ ಅಂಗಳದಿಂದ ಮುದುಕಿಯೊಬ್ಬಳು, “ಸಿಸ್ಟರಮ್ಮಾ!” ಎಂದು ಕೂಗಿದಳು.

“ಮುನಿಯಮ್ಮನೋರು. ಒಂದ್ನಿಮಿಷ ಮಾತಾಡಿಸ್ಕೊಂಡು ಬರ್ತೀನಿ, ನೀವು ಹೋಗ್ತಾ ಇರಿ” ಎಂದರು ಸರೋಜಮ್ಮ.

ನಾನು ಹೋಗುವಂತಿಲ್ಲವಲ್ಲ, ಪದವಿಯಲ್ಲಿದ್ದೆ. ಆ ಮನೆಗೆ ಕೂಗಳತೆಯ ದೂರದಲ್ಲಿ ಒಂದು ಕೃಷಿಹೊಂಡವಿತ್ತು. ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ, ಆ ವರ್ಷದ ಮಳೆಗೆ ತುಂಬಿದ್ದ ಹೊಂಡ. ಅದರ ಏರಿಯ ಹತ್ತಿರ ಕಾಯುತ್ತ ನಿಂತೆ. ಚೈನು ಕಳಚಿತ್ತು, ಗ್ಲೌಸು ಬಿಚ್ಚಿ ಸರಿಮಾಡಿದೆ. ಕೈಯೆಲ್ಲ ಗ್ರೀಸು. ಏರಿ ಹತ್ತಿ, ಗ್ಲೌಸನ್ನು ನೀರಂಚಿನಲ್ಲಿಟ್ಟು, ಬಗ್ಗಿ ಕೈ ತೊಳೆಯುತ್ತಿದ್ದಾಗ ಕೆಳಗೆ ಸೈಕಲ್ಲುಗಳು ಸರಸರನೆ ಹಾದುಹೋದ ಸದ್ದು. ನೋಡಿದರೆ, ಸಾಲಿನ ಕೊನೆಯಲ್ಲಿ ಕೆಂಪು ಹೆಲ್ಮೆಟ್ಟು, ಕುಣಿಯುವ ಜುಟ್ಟು! ಅಯ್ಯೋ, ಈಕೆ ನನ್ನನ್ನು ದಾಟಿಯೇ ಹೋದರಲ್ಲ ಎಂದು ಗಾಬರಿಯಿಂದ ಸೈಕಲ್ ಹತ್ತಿದೆ. ಮುಂದೆ ಹೋಗಿದ್ದವರು ಹಿಂದಿನಿಂದ ಬಂದದ್ದು ಹೇಗೆ ಎಂಬ ಪ್ರಶ್ನೆ ಬೇರೆಯವರಿಗೆ ಹೊಳೆಯುತ್ತಿತ್ತೋ ಏನೋ, ನನಗೆ ಹೊಳೆಯಲಿಲ್ಲ.

ಅರ್ಧ ಗಂಟೆ ತುಳಿದೆ. “ಮೆಲ್ಲಗೆ ಮೇಡಂ” ಎಂದು ಎರಡು ಸಲ ಕೂಗಿದೆ, ಉತ್ತರವಿಲ್ಲ. ಹಿಪ್ಪುನೇರಳೆ ತೋಟಗಳ ನಡುವೆ ಸುತ್ತಿ ಸುತ್ತಿ ಒಂದು ಟೀ ಅಂಗಡಿಯ ಮುಂದೆ ಎಲ್ಲರೂ ನಿಂತರು. ಕೆಂಪು ಹೆಲ್ಮೆಟ್ಟು ತಿರುಗಿತು. ಒಳಗಿನಿಂದ ಸೊಂಪಾದ ಗಡ್ಡವೊಂದು ಹೊರಬಂತು.

“ಯಾರು ಅಂಕಲ್ ನೀವು?” ಎಂದಿತು ಗಡ್ಡ. “ಆವಾಗ್ಲಿಂದ ಮೇಡಂ ಮೇಡಂ ಅಂತಿದೀರ, ಯಾರಿಗೋ ಅಂದ್ಕೊಂಡೆ.”

ಅವನ ಹೆಸರು ಇಮ್ರಾನ್. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆತನದವನು. ಅವರದು ಬೇರೆಯೇ ಗುಂಪು. ಸೈಕಲ್ಲುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಈ ಕಡೆ ಬಂದಿದ್ದರು.

‘ದಿಗ್ಭ್ರಮೆ’ ಎಂಬ ಮಾತನ್ನು ನಾವು ಎಷ್ಟು ಅಗ್ಗವಾಗಿ ಬಳಸುತ್ತೇವೆ! ಈರುಳ್ಳಿ ಬೆಲೆ ಏರಿದರೂ ದಿಗ್ಭ್ರಮೆ, ನೆಂಟರು ಹೇಳದೆ ಬಂದರೂ ದಿಗ್ಭ್ರಮೆ. ಅದರ ನಿಜವಾದ ಅರ್ಥ ದಿಕ್ಕುಗಳೇ ತಿರುಗಿಹೋಗುವುದು. ಆ ಅಂಗಡಿಯ ಮುಂದೆ ನನಗಾದದ್ದು ಅಪ್ಪಟ ನಿಘಂಟಿನ ದಿಗ್ಭ್ರಮೆ. ಸೂರ್ಯ ಮುಳುಗುತ್ತಿದ್ದ ಕಡೆಯನ್ನು ನೋಡಿಯೂ ಅದು ಪಶ್ಚಿಮವೆಂದು ನಂಬಲು ಮನಸ್ಸು ಒಪ್ಪಲಿಲ್ಲ. ಕನ್ನಡದಲ್ಲಿ ಕಷ್ಟಕ್ಕೆ ಒದಗುವ ಮನುಷ್ಯನನ್ನೂ ದಿಕ್ಕು ಎನ್ನುತ್ತೇವೆ. ಸರೋಜಮ್ಮನವರಿಗೆ ಆ ಹೊತ್ತಿನ ದಿಕ್ಕು ನಾನಾಗಿದ್ದೆ.

ತಕ್ಷಣ ಅವರಿಗೆ ಫೋನ್ ಮಾಡಿದೆ. ನನ್ನ ಬೆನ್ನ ಮೇಲೆಯೇ ಗಂಟೆ ಬಾರಿಸಿತು.

ಅಷ್ಟರಲ್ಲಿ ಮಂಜುನಾಥನ ಕರೆ ಬಂತು. “ಸಾರ್, ನಾವೆಲ್ಲ ಮುದ್ದೇನಹಳ್ಳೀಲಿ ಕಾಯ್ತಿದೀವಿ. ಸರೋಜಮ್ಮನೋರೂ ನೀವೂ ಒಟ್ಟಿಗೇ ಇದೀರಲ್ವಾ?”

“ಹೂಂ” ಎಂದುಬಿಟ್ಟೆ. ಯಾಕೆ ಹಾಗೆಂದೆನೋ ಇಂದಿಗೂ ತಿಳಿಯದು. ಸುಳ್ಳು ಹೇಳಬೇಕೆಂದಲ್ಲ, ಆ ಒಂದು ಪದಕ್ಕಿಂತ ಉದ್ದದ ಉತ್ತರ ಬಾಯಿಗೆ ಬರಲಿಲ್ಲ.

ಇಮ್ರಾನ್ ನನ್ನ ಮುಖ ನೋಡಿ ಟೀ ಲೋಟ ಕೆಳಗಿಟ್ಟ. “ನಡೀರಿ ಅಂಕಲ್, ಬಂದ ದಾರಿ ನಂಗೆ ಗೊತ್ತು” ಎಂದ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕ: ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಫೋನಿಲ್ಲ, ಕಾರ್ತೀಕದ ಬೇಗ ಇಳಿಯುವ ಬೆಳಕು. ಅಂದು ನಾನು ಮೂರನೆಯ ಗೇರನ್ನೂ ಕಂಡುಹಿಡಿದೆ.

ಹೊಂಡ ಹತ್ತಿರವಾದಂತೆ ಏರಿಯ ಮೇಲೆ ಹತ್ತು ಹದಿನೈದು ಜನ ಕಂಡರು. ಯಾರೋ ಟಾರ್ಚು ಬಿಡುತ್ತಿದ್ದರು. ಇಬ್ಬರು ಹಗ್ಗಕ್ಕೆ ಪಾತಾಳಗರಡಿ ಕಟ್ಟಿ, ಬಾವಿಗೆ ಬಿದ್ದ ಬಿಂದಿಗೆ ತೆಗೆಯುವಂತೆ ನೀರೊಳಗೆ ಎಳೆಯುತ್ತಿದ್ದರು. ನನ್ನ ಕಾಲು ಪೆಡಲಿನ ಮೇಲೆ ನಿಂತುಹೋಯಿತು.

“ಏನಾಯ್ತಪ್ಪಾ?” ಎಂದು ಅಂಚಿನಲ್ಲಿದ್ದವನನ್ನು ಕೇಳಿದೆ.

“ಯಾರೋ ಸೈಕಲ್ನೋರು ಬಿದ್ದೋಗವ್ರಂತೆ ಕಣಣ್ಣಾ. ಸೈಕಲ್ಲೂ ಒಳಗೇ ಹೋಗೈತೆ.”

ಮಿಕ್ಕದ್ದನ್ನು ಕೇಳಲಿಲ್ಲ. ಏರಿ ಹತ್ತಿ, “ಸರೋಜಮ್ಮಾ! ಸರೋಜಮ್ಮನೋರೇ!” ಎಂದು ನೀರಿಗೆ ಕೂಗಿದೆ. ದನಿ ಒಡೆದುಹೋಯಿತು. ಆ ಜಾರುವ ಹಾಳೆಯ ಮೇಲೆ ಕಾಲಿಡಲು ಹೋದವನ ಅಂಗಿಯನ್ನು ಇಮ್ರಾನ್ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡ.

ಆಗ ಹೊಂಡದ ಆಚೆ ದಡದಿಂದ ಇನ್ನೊಂದು ಒಡೆದ ದನಿ ಕೇಳಿತು: “ನಂಜುಂಡಪ್ಪನೋರೇ!”

ಅದು ನನ್ನ ಹೆಸರು.

ಪಾತಾಳಗರಡಿ ಹಿಡಿದವರು ಎಳೆಯುವುದನ್ನು ನಿಲ್ಲಿಸಿದರು. ಸರೋಜಮ್ಮನವರು ಏರಿಯನ್ನು ಸುತ್ತಿಕೊಂಡು ಓಡಿಬಂದರು. ಅವರ ಕೈಯಲ್ಲಿ ನನ್ನ ಗ್ಲೌಸುಗಳಿದ್ದವು. ಕೈ ತೊಳೆದ ಜಾಗದಲ್ಲೇ ಬಿಟ್ಟುಹೋಗಿದ್ದೆ. ಮುನಿಯಮ್ಮನ ಮನೆಯಿಂದ ಬಂದು ನೋಡಿದರೆ ನೀರಂಚಿನಲ್ಲಿ ಗ್ಲೌಸಿದೆ, ಮನುಷ್ಯನಿಲ್ಲ. ಆಸ್ಪತ್ರೆಯಲ್ಲಿದ್ದಾಗ ಇಂಥ ಹೊಂಡಗಳಿಂದ ತೆಗೆದುತಂದವರನ್ನು ಕಂಡಿದ್ದ ಆಕೆ ಊರನ್ನೇ ಕೂಗಿ ಕರೆದಿದ್ದರು. ಫೋನ್ ಮಾಡಿಸೋಣವೆಂದರೆ ಯಾರ ನಂಬರೂ ನೆನಪಿಲ್ಲ.

ನನ್ನ ಮುಂದೆ ನಿಂತು, ಮೊದಲು ನನ್ನ ನಾಡಿ ಹಿಡಿದು ನೋಡಿದರು. ಆಮೇಲೆ ಬೈದರು.

“ನಿಮ್ಮ ಮನೆಯೋರಿಗೆ ಏನಂತ ಹೇಳ್ಲಿ ಅಂತ ಯೋಚ್ನೆ ಮಾಡ್ತಿದ್ದೆ ಕಣ್ರೀ! ಎಲ್ಲಿ ಹೋಗಿದ್ರಿ?”

“ನಿಮ್ಮ ಹಿಂದೇನೇ ಬಂದೆ ಮೇಡಂ” ಎಂದು ಇಮ್ರಾನನ ಕಡೆ ಕೈ ತೋರಿಸಿದೆ. ಸರೋಜಮ್ಮ ಅವನ ಗಡ್ಡವನ್ನು ದೀರ್ಘವಾಗಿ ನೋಡಿದರು. ಆ ನೋಟ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಂಜುನಾಥನಿಗೆ ಫೋನ್ ಮಾಡಿ ನನ್ನ ‘ಹೂಂ’ ಸುಳ್ಳೆಂದು ಒಪ್ಪಿಕೊಂಡೆ. “ಈಗ ಒಟ್ಟಿಗಿದೀರಾ?” ಎಂದ. “ಹೂಂ” ಎಂದೆ. ನಂಬದೆ ಸರೋಜಮ್ಮನವರ ಕೈಗೆ ಫೋನ್ ಕೊಡಿಸಿದ.

ಜನ ಚದುರಿದರು. ಹಗ್ಗ ಎಳೆದು ಅಂಗೈ ಕೆಂಪಾಗಿಸಿಕೊಂಡವನೊಬ್ಬ ನನ್ನನ್ನು ನೋಡಿದ ನೋಟದಲ್ಲಿ ಸಂತೋಷದ ಜೊತೆ ಸ್ವಲ್ಪ ನಿರಾಶೆಯೂ ಇತ್ತೇನೋ. ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವಳು ಮುನಿಯಮ್ಮ ಮಾತ್ರ. ಅವಳು ನಮ್ಮ ಮೂವರನ್ನೂ ಮನೆಗೆ ಕರೆದೊಯ್ದು ಜಗಲಿಯ ಮೇಲೆ ಕೂರಿಸಿ, ಬೇಯಿಸಿದ ಕಡಲೆಕಾಯಿ ತಂದಿಟ್ಟಳು.

“ಅಯ್ಯೋ ನಾಯನಾ, ನಿನಗೋಸ್ಕರ ಎಷ್ಟು ಅತ್ತೆ ಗೊತ್ತಾ?” ಎಂದಳು.

ನಾನು ಸತ್ತರೆ ಅಳುವವರು ಯಾರೆಂದು ಯಾವಾಗಲಾದರೂ ಯೋಚಿಸಿದ್ದರೆ ಆ ಪಟ್ಟಿಯಲ್ಲಿ ಈ ಹೆಸರು ಬರುತ್ತಲೇ ಇರಲಿಲ್ಲ. “ಅವ್ವಾ, ನೀವು ನನ್ನ ಮುಖಾನೂ ನೋಡಿರಲಿಲ್ಲ. ಯಾಕೆ ಅತ್ತಿರಿ?” ಎಂದೆ.

“ಬಿದ್ದೋನು ನೀರೊಳಗಿದ್ರೆ ಮುಖ ನೋಡಿ ಅಳಾಕಾಯ್ತದಾ?”

“ಈಗ ನೋಡಿದ್ರಲ್ಲ.”

ಮುನಿಯಮ್ಮ ದೀಪದ ಬೆಳಕಿನಲ್ಲಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. “ನೋಡಿದೆ” ಎಂದಳು. “ಅಷ್ಟೊಂದು ಅಳಬೇಕಾಗಿರಲಿಲ್ಲ.”

ಹಾಗೆಂದವಳೇ ನನ್ನ ಮುಂದೆ ಇನ್ನೊಂದು ಬೊಗಸೆ ಕಡಲೆಕಾಯಿ ಸುರಿದಳು. ನಾನು ಸುಲಿದು ತಿನ್ನುತ್ತ ಕೂತೆ. ಬದುಕಿರುವವನು ಅಂಥ ಹೊತ್ತಿನಲ್ಲಿ ಬೇರೇನು ಮಾಡಬೇಕೆಂದು ನನಗಂತೂ ತಿಳಿಯಲಿಲ್ಲ.