ಬೀಗಿತ್ತಿಯ ದೋಣಿ ಮತ್ತು ನನ್ನ ಬಲಗೈ

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳನ್ನು ನಾನೇ ಮೀಯಿಸಿದೆ. ಬಚ್ಚಲಲ್ಲಿ ಕಾಲು ನೀಡಿ ಕೂತು, ಆ ಹಸುಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ತಂಬಿಗೆ ಎತ್ತಿ ಎತ್ತಿ ಬಿಸಿನೀರು ಹೊಯ್ದೆ. ಬಲಗೈಯಲ್ಲೇ ಹೊಯ್ದೆ. ಹೋದ ಮಳೆಗಾಲದಲ್ಲಿ ತಲೆಗೆ ಎಣ್ಣೆ ಹಾಕಿಕೊಳ್ಳಲಿಕ್ಕೂ ಏಳದಿದ್ದ ಕೈ ಅದು. ನಾನು ನಾಲ್ಕನೇ ಇಯತ್ತೆ ಕಲಿತವಳು, ಬರೆದು ರೂಢಿಯಿಲ್ಲ. ಆದರೂ ಇಂದಿನ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ಇದಕ್ಕೆಲ್ಲ ಕಾರಣ ನನ್ನ ಬೀಗಿತ್ತಿ, ಅಂದರೆ ಮಗಳ ಅತ್ತೆ. ಅವರ ಬಗ್ಗೆ ಬರೆಯದೆ ಹೇಗಿರಲಿ?

ನಾನು ಅವರ ಮುಖಕ್ಕಿಂತ ಮೊದಲು ಕಂಡದ್ದು ಅವರ ಮುಂಗೈ. ಅವರದ್ದು ಹೊಳೆಯ ಆಚೆ ದಡ, ನಮ್ಮದು ಈಚೆ, ಮಿರ್ಜಾನದ ಕಡೆ. ಮದುವೆ ಮಾತಿಗೆ ಅವರ ಮನೆಯವರೆಲ್ಲ ಸುತ್ತು ಹಾಕಿ ರಿಕ್ಷಾದಲ್ಲಿ ಬಂದರೆ, ಇವರೊಬ್ಬರು ರೇಷ್ಮೆ ಸೀರೆ ಉಟ್ಟು, ವೀಳ್ಯದ ತಟ್ಟೆಯನ್ನು ಮುಂದಿಟ್ಟುಕೊಂಡು, ದೋಣಿಯನ್ನು ತಾವೇ ಹುಟ್ಟು ಹಾಕುತ್ತ ಬಂದಿಳಿದರು. ಮುಂಗೈಯ ನರಗಳು ಹುರಿ ಮಾಡಿದ ಹಗ್ಗದ ಹಾಗೆ ಎದ್ದಿದ್ದವು. ಅಂಗೈ ಮುಟ್ಟಿದರೆ ತೆಂಗಿನ ಸಿಪ್ಪೆಯೇ ಸರಿ. ನನ್ನ ಗಂಡ ಕಿವಿಯಲ್ಲಿ, "ಇವರ ಹತ್ರ ಜಗಳಕ್ಕೆ ನಿಲ್ಬೇಡ ನೀನು" ಎಂದರು.

ಮಗಳು ಬಸುರಾದಳು ಅನ್ನುವಷ್ಟರಲ್ಲಿ ನನ್ನ ಭುಜ ಹಿಡಿದುಕೊಂಡಿತು. ಚೊಚ್ಚಲ ಬಾಣಂತನ ತವರಿನದ್ದು, ಕೂಸನ್ನು ಮೀಯಿಸುವುದು ತಾಯಿಯ ತಾಯಿಯ ಕೆಲಸ. ಕೈ ಏಳದ ಅಜ್ಜಿಯ ಕೈಗೆ ಎಣ್ಣೆ ಹಚ್ಚಿದ ಕೂಸನ್ನು ಯಾರು ಕೊಡುತ್ತಾರೆ? ಕುಮಟೆಯ ಡಾಕ್ಟರು, ದಿನಾ ಗೋಡೆಯ ಮೇಲೆ ಬೆರಳು ಹತ್ತಿಸುತ್ತ ಕೈ ಮೇಲೆತ್ತಬೇಕು ಎಂದರು. ಸ್ವಲ್ಪ ದಿನ ಹತ್ತಿಸಿದೆ. ಗೋಡೆಯ ಸುಣ್ಣ ನೋಡಿ ನೋಡಿ ಬೇಜಾರು ಬಂತು. ಮಗಳು ಮೊಬೈಲಿನಲ್ಲಿ ವ್ಯಾಯಾಮ ಹಾಕಿಕೊಟ್ಟಳು. ಅದರಲ್ಲಿ ಒಬ್ಬಳು ನಗುನಗುತ್ತ ಕೈ ಎತ್ತುತ್ತಿದ್ದಳು, ನನಗೆ ಅಳು ಬರುತ್ತಿತ್ತು. ಅದನ್ನೂ ಬಿಟ್ಟೆ.

ಮಳೆ ಬಿಟ್ಟ ಮೇಲೆ ಬೀಗಿತ್ತಿ ಬಂದು ವಿಷಯ ಕೇಳಿದರು. "ಗೋಡೆ ಜೊತೆ ಎಂತ ಮಾತಾಡ್ತ್ರಿ ಬೀಗಿತ್ತೇರೆ? ಬನ್ನಿ, ದೋಣಿಲಿ ಕೂತ್ಕಣಿ."

"ನಂಗೆ ಹುಟ್ಟು ಹಿಡಿಯೂಕೆ ಬರೂದಿಲ್ಲ."

"ಹುಟ್ಟಿಗೆ ಬರ್ತದೆ. ನೀವು ಬರೀ ಹಿಡ್ಕಣಿ, ಸಾಕು."

ಡಾಕ್ಟರನ್ನು ಕೇಳಿದೆವು. ನೋವಾಗದ ಹಾಗೆ ಮೆಲ್ಲಗೆ ಮಾಡಿ ಎಂದರು. ಬೀಗಿತ್ತಿ ತಮ್ಮ ಹಳೆಯ ಸಣ್ಣ ದೋಣಿಯನ್ನು ನಮ್ಮ ದಡದಲ್ಲೇ ಕಟ್ಟಿ ಹೋದರು. ಮೊದಮೊದಲು ದೋಣಿ ನಿಂತಲ್ಲೇ ಸುತ್ತುತ್ತಿತ್ತು. "ಹಬ್ಬದ ದಿನ ದೇವರಿಗೆ ಸುತ್ತು ಬಂದ್ರೆ ಸಾಕು, ದಿನಾ ಬ್ಯಾಡ" ಎಂದು ಅವರು ಬಂದಾಗಲೆಲ್ಲ ದಡದಿಂದ ಕೂಗುತ್ತಿದ್ದರು. ಆದರೆ ಅದೇನು ಮಾಯೆಯೋ, ಮರುದಿನ ಮತ್ತೆ ಹೋಗಬೇಕು ಅನ್ನಿಸುತ್ತಿತ್ತು. ಹುಟ್ಟು ನೀರಿಗಿಳಿದು ಎಳೆಯುವಾಗ ಆಗುವ ಆ ಗುಳುಕ್ ಸದ್ದು, ಪಕ್ಕದಲ್ಲೇ ಮೀನು ಹಾರಿದ್ದು, ಬೆಳ್ಳಕ್ಕಿ ನನ್ನನ್ನು ನೋಡಿಯೂ ಹಾರದೆ ನಿಂತದ್ದು. ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಕಾಲು ಹೊಳೆಗೆ ಎಳೆಯುತ್ತಿತ್ತು. ಗಂಡ, "ಚಹಾ ಆರಿ ಹೋತು" ಅಂದರೂ ಕಿವಿಗೆ ಬೀಳುತ್ತಿರಲಿಲ್ಲ.

ಒಂದು ದಿನ ಮೈಮರೆತೆ. ಇಳಿತ ಶುರುವಾದದ್ದು ಗೊತ್ತೇ ಆಗಲಿಲ್ಲ. ನೋಡನೋಡುತ್ತಿದ್ದಂತೆ ನೀರು ಜಾರಿ, ದೋಣಿ ಕೆಸರಿನ ದಿಬ್ಬದ ಮೇಲೆ ಕೂತಿತು. ಹೊಳೆ ದಡದಲ್ಲಿ ಹುಟ್ಟಿ ಬೆಳೆದವಳು ನಾನು, ನಾಚಿಕೆಯಾಯಿತು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳನ್ನು ನೋಡಲು ಆ ದಿನ ಬಂದಿದ್ದ ಬೀಗಿತ್ತಿ ದಡದಲ್ಲಿ ನಿಂತು, "ಅಲ್ಲೇ ಮನೆ ಕಟ್ಟಿಸ್ತ್ರ್ಯಾ ಹೇಗೆ?" ಎಂದರು.

"ಯಾರನ್ನಾದ್ರೂ ಕರೀರಿ" ಎಂದೆ.

"ಯಾರು ಬಂದು ಎಂತ ಮಾಡೂಕೆ? ನೀರೇ ಬರ್ಬೇಕು."

ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ಕೆಸರು ತುಳಿದುಕೊಂಡು ಬಂದು ದೋಣಿಯಲ್ಲಿ ನನ್ನೆದುರು ಕೂತರು. ಇಷ್ಟು ವರ್ಷ ದಿನಾ ದೋಣಿ ಹೊಡೆದು ಬೇಜಾರಾಗಲಿಲ್ಲವೇ ಎಂದು ಕೇಳಿದೆ. ಕಾಲಿಗಂಟಿದ ಕೆಸರು ತಿಕ್ಕುತ್ತ ಹೇಳಿದರು, "ನಮ್ಮ ಯಜಮಾನ್ರು ಹೋದ ಮೇಲೆ ಎಲ್ಲರೂ ಕೂತ್ಕ, ಕೂತ್ಕ ಅಂದ್ರು. ಕೂತ್ರೆ ಯೋಚನೆ ಬರ್ತದೆ. ಇದನ್ನ ಹಿಡಿದ್ರೆ ಮನಸ್ಸು ಹಗುರ ಆಗ್ತಿತ್ತು. ಬೇಜಾರಾಗೂಕೆ ಇದೆಂತ ಕೆಲಸವಾ ಬೀಗಿತ್ತೇರೆ?"

ಭರತಿಯ ನೀರು ಬಂತು. ಮೊದಲು ಕೆಸರು ಮಿಣುಗಿತು, ಆಮೇಲೆ ಯಾರೋ ಅಡಿಯಿಂದ ಅಂಗೈ ಕೊಟ್ಟು ಎತ್ತಿದ ಹಾಗೆ ದೋಣಿ ಎದ್ದಿತು. ಅವರು ಹುಟ್ಟು ಮುಟ್ಟಲೇ ಇಲ್ಲ. "ನೀವೇ ತಂದು ಸಿಕ್ಕಿಸಿದ್ದು, ನೀವೇ ಮುಟ್ಟಿಸಿ" ಎಂದು ಎಲೆ ಅಡಿಕೆ ಹಾಕುತ್ತ ಕೂತರು. ದಡ ಮುಟ್ಟಿಸಿದೆ. ಇಳಿದವಳೇ ಗಾಳಿಗೆ ಬಿಚ್ಚಿದ ಕೂದಲನ್ನು ಎರಡೂ ಕೈ ಹಿಂದೆ ಹಾಕಿ ತುರುಬು ಕಟ್ಟಿದೆ. ಕಟ್ಟಿಯಾದ ಮೇಲೆ ನನಗೇ ಗೊತ್ತಾದದ್ದು. ಬಲಗೈಯೂ ಎದ್ದಿತ್ತು. ಅವರನ್ನು ನೋಡಿದೆ. ಅವರ ಕಣ್ಣು ತುಂಬಿತ್ತು, ಬಾಯಿ ಮಾತ್ರ, "ತುರುಬು ಓರೆ ಆಗ್ಯದೆ" ಎಂದಿತು.

ಇವತ್ತು ಬೆಳಿಗ್ಗೆ ಕೂಸನ್ನು ಮೀಯಿಸಲು ಬಚ್ಚಲಲ್ಲಿ ನೀರು ಕಾದಿತ್ತು. ನನ್ನ ಭುಜಕ್ಕೆ ಹೆದರಿ ಮಗಳು ಕೂಸನ್ನು ಬೀಗಿತ್ತಿಯ ಕಡೆಗೇ ಚಾಚಿದಳು. ಅವರಿಗೂ ಅದು ಮೊದಲ ಮೊಮ್ಮಗಳು, ಆಸೆ ಇರಲಿಲ್ಲವೇ? ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡರು. "ನನ್ನ ಅಂಗೈ ಒರಟು, ಕೂಸಿಗೆ ಗೀರ್ತದೆ. ನಿನ್ನ ಅಮ್ಮಂಗೆ ಕೊಡು." ಅಷ್ಟು ದೊಡ್ಡ ಮನಸ್ಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಬಾಣಂತಿಗೆ ಕಾಳುಮೆಣಸಿನ ಸಾರು, ನಮಗೆ ಏಡಿ ಪದಾರ್ಥ. ನನ್ನ ಗಂಡ, "ನನ್ನ ಮೊಣಕಾಲಿಗೂ ಒಂದು ದೋಣಿ ಹೇಳಿ" ಎಂದರೆ ಬೀಗಿತ್ತಿ, "ನಿಮ್ಮ ಭಾರಕ್ಕೆ ಭರತೀಲೂ ತಳ ತಾಗ್ತದೆ" ಎಂದರು. ಅಳಿಯ ನಕ್ಕು ನಕ್ಕು ಕೆಮ್ಮಿದ. ಅವರ ಋಣ ನಾನು ಯಾವುದರಿಂದ ತೀರಿಸಲಿ? ದೊಡ್ಡ ಏಡಿಯನ್ನು ಅವರ ತಟ್ಟೆಗೆ ಹಾಕಿದೆ. ಅವರು ಅದನ್ನು ಲಟಕ್ಕೆಂದು ಮುರಿದು, ತಿರುಳಿರುವ ಪಾಲನ್ನು ನನ್ನ ಅನ್ನದ ಮೇಲಿಟ್ಟು, "ಆತು, ಉಣ್ಣಿ ಈಗ" ಎಂದರು. ಉಂಡೆವು.