ಚೀಟಿ ಕೊಡುವ ಕೆಲಸಕ್ಕೆ ಎಂ.ಎ.

ಅತ್ತಿಗೆಯ ಕೊರಳಲ್ಲಿ ಹಳದಿ ಅಳತೆ ಟೇಪು ಜೋತಾಡುತ್ತಿತ್ತು. ಭದ್ರಾವತಿಯ ಬಟ್ಟೆ ಅಂಗಡಿಯೊಂದರಲ್ಲಿ ಬ್ಲೌಸ್ ಪೀಸಿನ ಕೌಂಟರು ಅವರದು. ಬೆಳಿಗ್ಗೆ ಸೀರೆ ಉಟ್ಟ ಕೂಡಲೇ ಟೇಪು ಹಾಕಿಕೊಳ್ಳುವುದು ರೂಢಿ. ಆ ದಿನ ನನಗಾಗಿ ರಜೆ ಹಾಕಿದ್ದರೂ ಟೇಪಿನೊಂದಿಗೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದುಬಿಟ್ಟಿದ್ದರು.

ನಾನು ಎಂದಿನಂತೆ ದೋಸೆ ಹುಯ್ಯುತ್ತ ಮಗನ ಡಬ್ಬಿ ತುಂಬುತ್ತಿದ್ದೆ. ಹತ್ತು ಗಂಟೆಗೆ ಕಣ್ಣಾಸ್ಪತ್ರೆಯಲ್ಲಿ ಸಂದರ್ಶನ. ರೋಗಿಗಳ ಹೆಸರು ಬರೆದುಕೊಂಡು ಚೀಟಿ ಕೊಡುವ ಕೆಲಸ. ಹಿಂದೆ ಎರಡು ಕಡೆ, "ಎಂ.ಎ. ಇಂಗ್ಲಿಷ್ ಓದಿದೀರ, ಇಲ್ಲಿ ಎಷ್ಟು ದಿನ ಇರ್ತೀರ?" ಎಂದು ನಯವಾಗಿಯೇ ಸಾಗಹಾಕಿದ್ದರು. ಇದೂ ತಪ್ಪಿದರೆ ಇನ್ನು ಎಲ್ಲೂ ಕೇಳುವುದಿಲ್ಲ ಎಂದು ನಿಶ್ಚಯಿಸಿದ್ದೆ.

"ಪಿಯುಸಿ ಅಂತ ಹೇಳಿಬಿಡ್ಲಾ ಅತ್ತಿಗೆ?"

"ಮುಚ್ಚಿಟ್ಟು ಸೇರಿದ್ರೆ ದಿನಾ ಹೆದರ್ಕೊಂಡು ಕೂರ್ಬೇಕಾಗತ್ತೆ. ನಾನೂ ಎಕನಾಮಿಕ್ಸ್ ಎಂ.ಎ. ನಮ್ಮ ಸಾಹುಕಾರ್ರಿಗೆ ಮೊದಲ ದಿನವೇ ಹೇಳಿದೀನಿ. ಏನಾಯ್ತೀಗ?"

ಅವರು ಹಾಗೇ ಇದ್ದರು. ಗಿರಾಕಿ ಇಲ್ಲದಾಗ ಕೌಂಟರಿನಲ್ಲೇ ಪೇಪರಿನ ಸಂಪಾದಕೀಯ ಓದುವರು; ಗಿರಾಕಿ ಬಂದರೆ ಅದನ್ನು ಮಡಿಸಿಟ್ಟು ಅಷ್ಟೇ ಆಸೆಯಿಂದ ಬಣ್ಣಕ್ಕೆ ಬಣ್ಣ ಹೊಂದಿಸುವರು.

ಅತ್ತಿಗೆ ಸ್ಟೂಲಿನ ಮೇಲೆ ಕೂತು ಡಾಕ್ಟರ ಗತ್ತಿನಲ್ಲಿ ಕೇಳಿದರು: "ಏನಮ್ಮಾ, ಇಷ್ಟು ಓದಿ ಇಲ್ಲಿಗ್ಯಾಕೆ ಬಂದೆ?"

ಗಾಬರಿಯಾದರೆ ನನ್ನ ಬಾಯಲ್ಲಿ ಕಾನ್ವೆಂಟಿನ ಇಂಗ್ಲಿಷೇ ಬರುವುದು. "ಸರ್, ಐ ವುಡ್ ಬಿ ಡಿಲೈಟೆಡ್..."

"ನಿಲ್ಸು ಮಾರಾಯ್ತಿ! ಇದನ್ನ ಕೇಳಿದ್ರೆ ಡಾಕ್ಟ್ರೇ ಎದ್ದು ನಿಂಗೆ ಕುರ್ಚಿ ಬಿಟ್ಕೊಡ್ತಾರೆ. ಕನ್ನಡದಲ್ಲಿ ಕೇಳಿದ್ರೆ ಕನ್ನಡದಲ್ಲೇ ಹೇಳು. ಓದಿದ್ದಕ್ಕೆ ಸಮಜಾಯಿಷಿ ಕೊಡಬೇಡ. ನಿಂಗೆ ಈ ಕೆಲಸ ಯಾಕೆ ಬೇಕೋ, ಅದನ್ನ ಹೇಳು."

ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದೂ ಅದನ್ನೇ. ಇಂಗ್ಲಿಷ್ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

"ಮನೆ ಇಲ್ಲೇ ಹೊಸಮನೆ ಬಡಾವಣೇಲಿ ಸರ್. ಮಗ ಸ್ಕೂಲಿಂದ ಬರೋ ಹೊತ್ತಿಗೆ ನಾನೂ ಮನೇಲಿರಬಹುದು. ಪಾಠ ಮಾಡೋದು ನಂಗೆ ಒಗ್ಗಲ್ಲ. ನಾಲ್ಕು ಜನ ಬರೋ ಹೋಗೋ ಕಡೆ ಕೂತು ಕೆಲಸ ಮಾಡೋಕೆ ಇಷ್ಟ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾಳೆಯಿಂದ ಬನ್ನಿ."

ಅತ್ತಿಗೆ ಹೋದ ವರ್ಷ ತೀರಿಕೊಂಡರು. ನಾನು ಈಗಲೂ ಆಸ್ಪತ್ರೆಯ ಅದೇ ಚೀಟಿ ಕಿಟಕಿಯಲ್ಲಿ ಕೂರುತ್ತೇನೆ. ಹೊಸದಾಗಿ ಬಂದವರು, "ಮೇಡಂ, ನೀವು ಏನು ಓದಿದ್ದು?" ಎಂದರೆ ತಡವರಿಸದೆ ಹೇಳುತ್ತೇನೆ. ಈ ತಡವರಿಸದಿರುವುದು ಅತ್ತಿಗೆ ಕೊಟ್ಟದ್ದು.

ಸಂದರ್ಶನದ ಆ ದಿನ ಸಂಜೆ ಅತ್ತಿಗೆಯನ್ನು ಬಸ್ಸು ಹತ್ತಿಸಿ ಬಂದಾಗ, ಪಕ್ಕದ ಮನೆಯವರು ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಕೆಲಸ ಸಿಕ್ಕಿದ್ದನ್ನು ಹೇಳಿದೆ. ಅವರು ಕ್ಲಿಪ್ಪು ಕೀಳುತ್ತಲೇ ಅಂದರು: "ಹೌದಾ? ಹಂಗಾದ್ರೆ ಇನ್ಮೇಲೆ ನಿಮ್ಮ ಗ್ಯಾಸ್ ಸಿಲಿಂಡರ್ ನಮ್ಮನೇಲೇ ಇಳಿಸ್ಲಿ ಬಿಡಿ. ಹಗಲೊತ್ತು ನೀವಿರಲ್ವಲ್ಲ."