ಪಾತ್ರೆಗಳ ಸದ್ದು

ತೀರ್ಥಹಳ್ಳಿಯ ಹುಡುಗರ ಹಾಸ್ಟೆಲ್ಲೊಂದರಲ್ಲಿ ದುಗ್ಗಮ್ಮ ಅಡುಗೆಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಅದಕ್ಕೂ ಮೊದಲು ತಾಯಿಯಿಲ್ಲದ ಮನೆಯಲ್ಲಿ ಇಬ್ಬರು ತಂಗಿಯರಿಗೆ ಬೇಯಿಸಿ ಹಾಕಿದ್ದಳು. ಒಲೆಯ ಮುಂದಿನ ನೌಕರಿ ಹದಿನಾಲ್ಕನೇ ವಯಸ್ಸಿಗೇ ಶುರುವಾಯಿತೆನ್ನಬೇಕು. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ 'ಈ ಹುಡುಗಿಯರ ಗತಿಯೇನು' ಎಂಬಲ್ಲಿಗೆ ನಿಂತಿತ್ತು.

ಅರವತ್ತೇಳನೇ ಇಸವಿ. ಗುರುವಾರ ಸಂಜೆಯಾದರೆ ಊರೆಲ್ಲ ರೇಡಿಯೋ ಮುಂದೆ. ಮೂವರು ಅಕ್ಕತಂಗಿಯರ ನಗೆನಾಟಕ. ಬರೆದವಳು ದುಗ್ಗಮ್ಮನ ಕಿರಿತಂಗಿ ಮೂಕಾಂಬಿಕಾ. ನಾಟಕದ ನಡುವಿನವಳು ಸುಳ್ಳುಗಾತಿ, ಕಿರಿಯವಳು ಅಳುಬುರುಕಿ, ಹಿರಿಯವಳು ಜಿಪುಣಿ. ಹೊಸನಗರಕ್ಕೆ ಕೊಟ್ಟ ನಡುವಿನ ತಂಗಿ ದ್ಯಾವಮ್ಮ, "ಆ ಸುಳ್ಳುಗಾತಿ ನಾನೇ ಕಣ್ರೇ" ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದಳಂತೆ. ದುಗ್ಗಮ್ಮ ಮಾತ್ರ ಒಂದು ಕಂತನ್ನೂ ಕೇಳಿರಲಿಲ್ಲ. ಆ ಹೊತ್ತಿಗೇ ಹುಡುಗರ ಊಟ. ಅಂಗಡಿಯ ಹೂವಯ್ಯ ಸಾಮಾನು ಕಟ್ಟುತ್ತ, "ದುಗ್ಗಕ್ಕ, ಬೆಲ್ಲದ ಡಬ್ಬಿ ಈ ಸಲ ಎಲ್ಲಿ ಬಚ್ಚಿಟ್ಟೆ?" ಎಂದರೆ ಎಲ್ಲರೂ ನಗುತ್ತಿದ್ದರು. ಯಾತಕ್ಕೆಂದು ತಿಳಿಯದಿದ್ದರೂ ಅವಳೂ ನಗುತ್ತಿದ್ದಳು.

ಒಂದು ಮಧ್ಯಾಹ್ನ ಮೂಕಾಂಬಿಕಾ ಐದು ತಿಂಗಳ ಕೂಸನ್ನೂ ಒಂದು ಕಟ್ಟು ಕಾಗದವನ್ನೂ ಹೊತ್ತು ಬಸ್ಸಿಳಿದು ಹಾಸ್ಟೆಲ್ಲಿಗೆ ಬಂದಳು.

"ಅಕ್ಕಯ್ಯ, ಇದನ್ನ ಪುಸ್ತಕ ಮಾಡ್ತಾರಂತೆ. ನೀ ಓದು. ಬೇಡ ಅಂದ್ರೆ ಕೊಡೋದಿಲ್ಲ." ಮಗುವಿನ ಹಣೆ ಮುಟ್ಟಿ ನೋಡಿದಳು. "ಇದಕ್ಕೆ ಮೈ ಬಿಸಿ ಇದ್ಯಾ?"

"ಎಂತದೂ ಇಲ್ಲ ಮಾರಾಯ್ತಿ. ಬಸ್ಸಿನ ಸೆಕೆ. ಕೊಡು ಇಲ್ಲಿ."

ಕೂಸನ್ನು ತೊಡೆಗೆ ಹಾಕಿಕೊಂಡು ದುಗ್ಗಮ್ಮ ಬೆರಳಿಟ್ಟು ಓದತೊಡಗಿದಳು. ಬೆಲ್ಲದ ಡಬ್ಬಿ ಮೂರನೇ ಕಂತಿನಲ್ಲಿತ್ತು. ತಂಗಿಯರಿಗೆ ಸಿಗದಂತೆ ಅಟ್ಟದ ಮೇಲಿಟ್ಟು, ಅವರು ಮಲಗಿದ ಮೇಲೆ ಒಂದು ಚೂರನ್ನು ತಾನೊಬ್ಬಳೇ ಬಾಯಿಗೆ ಹಾಕಿಕೊಳ್ಳುವ ಅಕ್ಕ. ದುಗ್ಗಮ್ಮನ ಕಿವಿ ಬಿಸಿಯಾಯಿತು. ಯಾರೂ ಕಂಡಿಲ್ಲವೆಂದೇ ಇಷ್ಟು ವರ್ಷ ತಿಳಿದಿದ್ದಳು.

ಮುಂದೆ ಹೋದಂತೆ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ನಡುವಿನವಳು ಬಂದರೆ ಬಳೆಯ ಸದ್ದು, ಕಿರಿಯವಳಿಗೆ ಬಿಕ್ಕಳಿಕೆ. ಹಿರಿಯವಳು ಬಂದಾಗಲೆಲ್ಲ ಕಂಸದೊಳಗೆ ಒಂದೇ ಮಾತು: 'ಪಾತ್ರೆಗಳ ಸದ್ದು.' ಹದಿಮೂರು ಕಂತಿಗೂ ಅದೇ.

ಓದಿ ಮುಗಿಸಿ ಹಾಳೆಗಳನ್ನು ಜೋಡಿಸಿಟ್ಟಳು. ಮೂಕಾಂಬಿಕಾ ಸೆರಗಿನ ತುದಿ ಹಿಂಡುತ್ತಿದ್ದಳು.

"ಸಿಟ್ಟು ಬಂತಾ ಅಕ್ಕಯ್ಯ? ಬೆಲ್ಲದ್ದು ತೆಗೀತೀನಿ."

"ಇರ್ಲಿ ಬಿಡು, ಸುಳ್ಳೇನಲ್ಲ. ಆದ್ರೆ ಈ ನಿನ್ನ ಹಿರಿಯವಳು ಒಂದ್ಸಲನಾದ್ರೂ ಕೂರೋದೇ ಇಲ್ವೇನೇ?"

"ರೇಡಿಯೋದಲ್ಲಿ ಕೂತ್ರೆ ಕೇಳ್ಸೋದಿಲ್ಲ, ಅಕ್ಕಯ್ಯ."

"ಪುಸ್ತಕದಲ್ಲಿ ಕಾಣ್ತದಲ್ಲ. ಒಂದು ಕಡೆ ಕೂರ್ಸು. ಆಮೇಲೆ ಕೊಡು ಅವರಿಗೆ."

ಮೂಕಾಂಬಿಕಾ ಪೆನ್ಸಿಲ್ ಹುಡುಕಿದಳು. ಕೊನೆಯ ಹಾಳೆ ತೆರೆದು ಬಹಳ ಹೊತ್ತು ಹಿಡಿದುಕೊಂಡಿದ್ದಳು, ಬರೆಯಲಾಗಲಿಲ್ಲ. ಅಷ್ಟರಲ್ಲಿ ನಾಲ್ಕರ ಗಂಟೆ ಹೊಡೆಯಿತು. ಅಕ್ಕಿ ತೊಳೆಯುವ ಹೊತ್ತು. ದುಗ್ಗಮ್ಮ ಏಳಲು ನೋಡಿದಳು. ಕೂಸು ಅವಳ ಸೆರಗು ಹಿಡಿದು ನಿದ್ದೆ ಹೋಗಿತ್ತು.

"ಏಳ್ಬೇಡ, ಎಚ್ಚರಾಗ್ತದೆ! ಎರಡು ದಿನದಿಂದ ಮಲಗಿಲ್ಲ ಅದು," ಎಂದು ಮೂಕಾಂಬಿಕಾ ಪೆನ್ಸಿಲ್ ಇಟ್ಟು ತಾನೇ ಒಳಗೆ ಓಡಿದಳು.

ದುಗ್ಗಮ್ಮ ಗೋಡೆಗೆ ಒರಗಿದಳು. ಸೊಂಟ ಸಡಿಲಾಯಿತು. ಅಡುಗೆಮನೆಯಲ್ಲಿ ಏನೋ ಢಣಾರೆಂದು ಬಿತ್ತು.

"ಆ ತಪ್ಪಲೆ ಅಲ್ಲ ಕಣೇ, ದೊಡ್ಡದು ತಗೋ!" ಎಂದಳು, ಕೂತಲ್ಲಿಂದಲೇ.